ಗುಡುಗಿದಾಗ ಕಾರು ಹತ್ತುವ ಯಜಮಾನರು

ನಾನು ಕೆಲಸಕ್ಕೆ ಸೇರಿದ ಮೊದಲ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ನಮ್ಮ ಯಜಮಾನರು ಕಾಣೆಯಾದರು. ಫೋನಿನಲ್ಲಿ ಒಬ್ಬ ಗಿರಾಕಿ ಕಾಯುತ್ತಿದ್ದ. ಯಜಮಾನರನ್ನೇ ಕರೆಯಿರಿ ಎಂದು ಹಟ ಹಿಡಿದಿದ್ದ. ಶೆಡ್ಡಿನೊಳಗೆ ಹುಡುಕಿದೆ, ಪಕ್ಕದ ಪೌಡರ್ ಕೋಟಿಂಗ್‌ನವರ ಹತ್ತಿರ ಕೇಳಿದೆ, ಎದುರಿನ ಟೀ ಅಂಗಡಿಗೆ ಇಣುಕಿದೆ, ಟಾಯ್ಲೆಟ್ ಬಾಗಿಲನ್ನೂ ತಟ್ಟಿದೆ. ಆ ವರ್ಷದ ಮೊದಲ ಮಳೆ ಪೀಣ್ಯದ ಮೇಲೆ ಕಪ್ಪಗೆ ಕವುಚಿಕೊಂಡು ಗುಡುಗುತ್ತಿತ್ತು. ಕೊನೆಗೆ ನೋಡಿದರೆ ಗೇಟಿನ ಮುಂದೆ ನಿಂತಿದ್ದ ಅವರ ಹಳೇ ಕಾರಿನೊಳಗೆ, ಗಾಜೆಲ್ಲ ಏರಿಸಿಕೊಂಡು, ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ ಕೂತಿದ್ದರು. ಬೆವರು ಇಳಿಯುತ್ತಿತ್ತು. ಎದೆನೋವೇ ಇರಬೇಕು ಎಂದು ಗಾಬರಿಯಾಗಿ ಗಾಜು ತಟ್ಟಿದೆ. ಒಂದೇ ಒಂದು ಬೆರಳಿನಷ್ಟು ಇಳಿಸಿ, ಒಳಗೆ ಬರೋದಾದ್ರೆ ಬಾ, ಇಲ್ಲಾಂದ್ರೆ ಶೆಡ್ಡಿಗೆ ಹೋಗು, ಕಾರಿಗೆ ಒರಗಿಕೊಂಡು ಮಾತ್ರ ನಿಲ್ಲಬೇಡ ಎಂದರು.

ನಾನು ಹತ್ತಿ ಕೂತೆ. ಗುಡುಗು ನೆಲಮಂಗಲದ ಕಡೆಗೆ ಹೋಗುವವರೆಗೂ ಅವರು ಮತ್ತೆ ಕಣ್ಣು ಮುಚ್ಚಿಕೊಂಡೇ ಕೂತಿದ್ದರು. ಆಮೇಲೆ ಕರವಸ್ತ್ರದಿಂದ ಕತ್ತು ಒರೆಸಿಕೊಂಡು, ಕಾರು ಅಂದರೆ ಒಂದು ತಗಡಿನ ಡಬ್ಬಿ, ಸಿಡಿಲು ಬಿದ್ದರೂ ತಗಡಿನ ಮೇಲೇ ಹರಿದು ನೆಲಕ್ಕೆ ಹೋಗುತ್ತೆ, ಒಳಗಿರುವವರಿಗೆ ಏನೂ ಆಗುವುದಿಲ್ಲ ಎಂದು ಮೇಷ್ಟರ ಥರ ಪಾಠ ಮಾಡಿದರು. ಪಾಠ ಮುಗಿಸಿ ಇಳಿಯುವಾಗ ದನಿ ತಗ್ಗಿಸಿ ಹೇಳಿದರು:

"ಈ ವಿಷಯ ಕಸ್ಟಮರ್‌ಗಳ ಹತ್ರ ಹೇಳ್ಬೇಡ ಕಣಮ್ಮ."

ಹೇಳಬಾರದು ಎನ್ನುವುದಕ್ಕೆ ಕಾರಣವಿತ್ತು. ನಮ್ಮ ಶೆಡ್ಡಿನಲ್ಲಿ ತಯಾರಾಗುವುದೇ ಸಿಡಿಲಿನಿಂದ ಕಾಪಾಡುವ ಸಾಮಾನು. ಟವರಿನ ನೆತ್ತಿಗೆ ಹಾಕುವ ಚೂಪು ಕಡ್ಡಿ, ಅಲ್ಲಿಂದ ನೆಲದವರೆಗೆ ಇಳಿಯುವ ತಾಮ್ರದ ಪಟ್ಟಿ, ಗುಂಡಿಯಲ್ಲಿ ಹೂಳುವ ರಾಡು, ಆಂಟೆನಾದಿಂದ ರೇಡಿಯೋ ಸೆಟ್ಟಿಗೆ ಬರುವ ಕೇಬಲ್ಲಿನ ನಡುವೆ ಕಾವಲು ಕೂರುವ ಅರೆಸ್ಟರ್ ಎಂಬ ಹೆಬ್ಬೆರಳು ಗಾತ್ರದ ಡಬ್ಬಿ. ಶೆಡ್ಡಿನ ನಾಲ್ಕು ಮೂಲೆಗೂ ಯಜಮಾನರೇ ಮುಂದೆ ನಿಂತು ಅರ್ಥಿಂಗ್ ಹಾಕಿಸಿದ್ದರು. ಅದು ಉಳಿದವರಿಗೆಲ್ಲ ಸಾಕು, ಅವರೊಬ್ಬರಿಗೆ ಸಾಲದು. ಮೊದಲು ಅವರು ಮೋಟಾರು ವೈಂಡಿಂಗ್ ಮಾಡುತ್ತಿದ್ದರಂತೆ. ಪ್ರತಿ ಮಳೆಗಾಲದಲ್ಲೂ ಸಿಡಿಲಿಗೆ ಸುಟ್ಟ ಪಂಪುಗಳು ರಾಶಿ ಬೀಳುತ್ತಿದ್ದವು. ಆ ಸುಟ್ಟ ತಂತಿಗಳ ವಾಸನೆ ಕುಡಿದೂ ಕುಡಿದೂ ಭಯ ಇನ್ನಷ್ಟು ಬಲಿತು ಈ ದಂಧೆಗೆ ಇಳಿದರು ಎಂದು ನಮ್ಮ ಶೆಡ್ಡಿನ ಲೇತ್ ಮೆಷಿನ್ ನಡೆಸುವ ಲೇತಿನವನು ಹೇಳುತ್ತಿದ್ದ. ಲೇತಿನವನು ಸುಳ್ಳುಗಾರ, ಆದರೂ ಇದನ್ನು ನಂಬಬಹುದು.

ನನ್ನ ವಿಸಿಟಿಂಗ್ ಕಾರ್ಡಿನಲ್ಲಿ ಟೆಕ್ನಿಕಲ್ ಸೇಲ್ಸ್ ಎಕ್ಸಿಕ್ಯೂಟಿವ್ ಎಂದಿತ್ತು. ಮದುವೆ ಮನೆಗಳಲ್ಲಿ ಏನು ಕೆಲಸ ಎಂದು ಕೇಳಿದ ಚಿಕ್ಕಮ್ಮಂದಿರಿಗೆ ಸಿಡಿಲಿನ ಕಂಪನಿ ಎನ್ನುತ್ತಿದ್ದೆ. ಒಬ್ಬರು ಮಾತ್ರ ಗಂಭೀರವಾಗಿ, ಪಿಎಫ್ ಕೊಡ್ತಾರಾ ಎಂದು ವಿಚಾರಿಸಿದರು. ಅರ್ಥಿಂಗ್ ಬಗ್ಗೆ ವಿವರಿಸಿ ಅರ್ಥ ಆಯ್ತಾ ಸಾರ್ ಎಂದು ಕೇಳಿದರೆ, ಅರ್ಥ್ ಆಗಲೇ ಹಾಕಿಸಿದ್ದೀವಿ ಮೇಡಂ ಎನ್ನುವ ಗಿರಾಕಿಗಳ ನಡುವೆ ನನ್ನ ದಿನಗಳು ಕಳೆಯುತ್ತಿದ್ದವು.

ಅಂಥ ಗಿರಾಕಿಗಳಲ್ಲಿ ಒಂದು ಸೆಕ್ಯುರಿಟಿ ಏಜೆನ್ಸಿ. ಎಲೆಕ್ಟ್ರಾನಿಕ್ ಸಿಟಿಯ ಸುತ್ತಮುತ್ತಲ ಕಾರ್ಖಾನೆ, ಗೋದಾಮುಗಳಿಗೆ ಗಾರ್ಡುಗಳನ್ನು ಕಳಿಸುವವರು. ಬೇಗೂರಿನ ಕಡೆ ಒಂದು ಮೂರಂತಸ್ತಿನ ಬಾಡಿಗೆ ಕಟ್ಟಡದ ಮೇಲೆ ಟವರ್ ನಿಲ್ಲಿಸಿ, ಮೂರನೇ ಅಂತಸ್ತಿನ ಕೋಣೆಯಲ್ಲಿ ವೈರ್‌ಲೆಸ್ ಸೆಟ್ ಇಟ್ಟುಕೊಂಡಿದ್ದರು. ಗಾರ್ಡುಗಳು ವಾಕಿಟಾಕಿಯಲ್ಲಿ ಕರೆದರೆ ಈ ಕೋಣೆಯಿಂದ ಉತ್ತರ. ಟವರಿಗೆ ಸಿಡಿಲಿನ ರಕ್ಷಣೆ ಬೇಕು ಎಂದು ಕಾರ್ಖಾನೆಯೊಂದರ ವಿಮೆಯವರು ಒತ್ತಾಯ ಮಾಡಿದ್ದರಿಂದ ನಮ್ಮನ್ನು ಕರೆದಿದ್ದರು. ಇಲ್ಲದಿದ್ದರೆ ಯಾರು ಕರೆಯುತ್ತಾರೆ?

ನಾನು ಮೊದಲ ಸಲ ಹೋದಾಗ ಕಟ್ಟಡದ ಓನರ್ ತಾರಸಿಗೆ ಬಂದರು. ಅದೇ ಊರಿನ ಹಳೇ ಒಕ್ಕಲು ಮನೆತನ. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಸಾಲಾಗಿ ಬಾಡಿಗೆ ಮನೆಗಳು. ಪಕ್ಕದ ಕಟ್ಟಡ ತಮ್ಮನದು, ಅಣ್ಣತಮ್ಮಂದಿರ ನಡುವೆ ಒಂದಡಿ ಓಣಿಗಾಗಿ ಕೋರ್ಟಿನಲ್ಲಿ ವ್ಯಾಜ್ಯ. ಕಡ್ಡಿ ಸಿಡಿಲನ್ನು ತನ್ನ ಮೇಲೆ ಎಳೆದುಕೊಂಡು ನೆಲಕ್ಕೆ ಇಳಿಸುತ್ತೆ ಎಂದು ನಾನು ಹೇಳಿದ್ದನ್ನು ಅವರು ಬಹಳ ಗಮನವಿಟ್ಟು ಕೇಳಿಸಿಕೊಂಡರು. ಆಮೇಲೆ ಆ ಕಡೆ ಈ ಕಡೆ ನೋಡಿ ಕೇಳಿದರು:

"ಅಂಗಾದ್ರೆ ಒಸಿ ನನ್ ತಮ್ಮನ್ ಮನೆ ಕಡೀಕ್ ಬಗ್ಸಿ ಕೂರ್ಸಕ್ಕಾಯ್ತದಾ ತಾಯಿ?"

ಆಗುವುದಿಲ್ಲ ಎಂದೆ. ಬೇಜಾರು ಮಾಡಿಕೊಂಡು ಇಳಿದುಹೋದರು.

ಏಜೆನ್ಸಿಯ ಪರ್ಚೇಸ್ ಮ್ಯಾನೇಜರ್ ಇನ್ನೊಂದು ಥರದ ಮನುಷ್ಯ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಕೆಂಪು ಪೆನ್ನು. ಯಾವ ಕೊಟೇಶನ್ ಇಟ್ಟರೂ ಒಂದೊಂದು ಸಾಲಿನ ಮೇಲೆ ಪೆನ್ನಿಟ್ಟು, "ಇದು ಬೇಕೇ ಬೇಕಾ?" ಎನ್ನುತ್ತಿದ್ದರು. ಕಡ್ಡಿಯ ಮೇಲೆ ಪೆನ್ನಿಟ್ಟರು, ಬಿಟ್ಟರು. ಅರೆಸ್ಟರ್ ಮೇಲೆ ಇಟ್ಟರು, ಬಿಟ್ಟರು. ಕೊನೆಯ ಸಾಲಿಗೆ ಬಂದಾಗ ಪೆನ್ನು ನಿಂತುಬಿಟ್ಟಿತು.

ಕೊನೆಯ ಸಾಲಿನಲ್ಲಿದ್ದದ್ದು ಎರಡು ಗುಂಡಿಗಳನ್ನು ಒಂದಕ್ಕೊಂದು ಜೋಡಿಸುವ ತಾಮ್ರದ ಪಟ್ಟಿ. ಅಲ್ಲಿ ಟವರಿಗೆ ಕಟ್ಟಡದ ಮುಂದೆ ಒಂದು ಅರ್ಥಿಂಗ್ ಗುಂಡಿ ಇತ್ತು. ಸೆಟ್ಟಿಗೂ ಅದಕ್ಕೆ ಕರೆಂಟ್ ಕೊಡುವ ಪವರ್ ಸಪ್ಲೈಗೂ ಹಿತ್ತಲಲ್ಲಿ ಇನ್ನೊಂದು. ಹಿಂದೆ ಬಂದ ಎಲೆಕ್ಟ್ರಿಷಿಯನ್, ಟವರಿನ ಗಲೀಜು ಸೆಟ್ಟಿಗೆ ಬರಬಾರದು ಎಂದು ಮಡಿ ಮೈಲಿಗೆ ಮಾಡಿ ಬೇರೆ ಬೇರೆ ಇಟ್ಟಿದ್ದನಂತೆ. ಕೇಳಿದರೆ ಸರಿಯೆನಿಸುತ್ತದೆ. ಆದರೆ ಟವರಿಗೆ ಸಿಡಿಲು ಬಿದ್ದಾಗ ಮುಂದಿನ ಗುಂಡಿಯ ವೋಲ್ಟೇಜು ಒಂದು ಕ್ಷಣಕ್ಕೆ ಆಕಾಶಕ್ಕೆ ಏರುತ್ತದೆ, ಹಿತ್ತಲಿನದು ಇದ್ದಲ್ಲೇ ಇರುತ್ತದೆ. ಅದಕ್ಕೂ ಇದಕ್ಕೂ ನಡುವೆ ಇರುವುದು ಮೇಜಿನ ಮೇಲಿನ ಸೆಟ್ಟೊಂದೇ. ಸಿಡಿಲು ಅದನ್ನೇ ಕಾಲುದಾರಿ ಮಾಡಿಕೊಂಡು ಆ ಕಡೆಯಿಂದ ಈ ಕಡೆಗೆ ದಾಟುತ್ತದೆ. ಎರಡನ್ನೂ ಪಟ್ಟಿಯಿಂದ ಬಿಗಿದುಬಿಟ್ಟರೆ ಎರಡೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ, ದಾಟುವ ಪ್ರಮೇಯವೇ ಇಲ್ಲ. ಇದನ್ನೆಲ್ಲ ಚಿತ್ರ ಬರೆದು ತೋರಿಸಿದೆ.

ಒಂದು ಗುಂಡಿ ಅಲ್ಲ, ಎರಡು ಗುಂಡಿ ಇದ್ದಾವಲ್ಲರೀ, ಅವೆರಡೂ ಕೂತು ಮಾತಾಡಬೇಕಾ ಎಂದರು ಮ್ಯಾನೇಜರ್. ಕೆಂಪು ಗೆರೆ ಎಳೆದರು. ಯಜಮಾನರಿಗೆ ಫೋನು ಮಾಡಿದೆ. ಆರ್ಡರು ಬಂದಷ್ಟು ಹಾಕು, ಪಟ್ಟಿ ಆಮೇಲೆ ಅವರೇ ಕೇಳ್ತಾರೆ ಎಂದರು. ಹಾಗೇ ಆಯಿತು. ಕಡ್ಡಿ ನಿಂತಿತು, ಅರೆಸ್ಟರ್ ಕೂತಿತು, ಗುಂಡಿಗಳು ಮಾತು ಬಿಟ್ಟ ಅಣ್ಣತಮ್ಮಂದಿರಂತೆ ಮುಂದೊಂದು ಹಿಂದೊಂದು ಉಳಿದವು.

ಕೆಲವು ವಾರಗಳಲ್ಲೇ ಆ ಟವರಿಗೆ ಸಿಡಿಲು ಬಿತ್ತು. ಮಾರನೇ ಬೆಳಿಗ್ಗೆ ಮ್ಯಾನೇಜರ್ ಫೋನು ಮಾಡಿ, ನಿಮ್ಮ ಸಾಮಾನೆಲ್ಲ ಡೂಪ್ಲಿಕೇಟು, ಪರಿಹಾರ ಕೊಡಿ ಎಂದರು. ನಾನು ಮೆಟ್ರೋ ಹಿಡಿದು, ಬದಲಾಯಿಸಿ, ಆಟೋದವನ ಹತ್ತಿರ ಜಗಳ ಮಾಡಿ ಅಲ್ಲಿಗೆ ತಲುಪಿದೆ. ಅರೆಸ್ಟರ್ ಸತ್ತಿತ್ತು. ಅದು ಸಾಯಲೆಂದೇ ಇರುವುದು, ಸೆಟ್ಟಿನ ಏಟನ್ನು ತಾನು ತಿಂದು ಸಾಯುವುದೇ ಅದರ ಉದ್ಯೋಗ. ಆದರೆ ಪವರ್ ಸಪ್ಲೈ ಕೂಡ ಸುಟ್ಟು ಕರಕಲಾಗಿತ್ತು, ಸೆಟ್ಟಿನ ಅರ್ಧ ಹೊಟ್ಟೆ ಹೋಗಿತ್ತು. ಯಾವ ದಾರಿಯಲ್ಲಿ ದಾಟಿದೆ ಎಂದು ಕೇಳಬೇಕಾಗಿಯೇ ಇರಲಿಲ್ಲ, ಗೋಡೆಯ ಮೇಲೆ ಹಿತ್ತಲ ಗುಂಡಿಗೆ ಹೋಗುವ ತಂತಿಯುದ್ದಕ್ಕೂ ಮಸಿ ಬಳಿದಿತ್ತು.

ಸಿಡಿಲು ಬಿದ್ದ ಹೊತ್ತಿನಲ್ಲಿ ಮೈಕು ಹಿಡಿದಿದ್ದವಳು ರಾಯಚೂರಿನ ಕಡೆಯ ಹೆಂಗಸು. ಗಂಡ ಸೆಂಟ್ರಿಂಗ್ ಕೆಲಸ, ಇವಳು ಇಲ್ಲಿ ಆಪರೇಟರ್. ಗಾರ್ಡುಗಳೆಲ್ಲ ಅವಳನ್ನು ಮೇಡಂ ಎನ್ನುತ್ತಿದ್ದರು, ಅವಳು ಅವರನ್ನು ಎಲ್ಲರಿಗೂ ಕೇಳಿಸುವ ಹಾಗೆ ಬೈಯುತ್ತಿದ್ದಳು. ಏನಾಯಿತು ಎಂದು ಕೇಳಿದೆ.

"ಮೈಕ್ ಕೈಯಾಗೇ ಇತ್ರೀ ಅಕ್ಕಾರ. ಕೈಗೆ ಬಡಿಗಿಲೆ ಹೊಡದಂಗಾತು. ಕಣ್ಣ ತೆರದು ನೋಡಿದ್ರ ಮೈಕ್ ಅಲ್ಲಿ ಗ್ವಾಡಿ ಬುಡಕ ಬಿದ್ದದ, ನಾ ಇಲ್ಲಿ ಬಾಗ್ಲ ಹತ್ರ ನಿಂತೀನಿ. ಹೆಂಗ ಬಂದೆ ಅಂತ ನನಗ ಗೊತ್ತಿಲ್ಲ."

ಡಾಕ್ಟರು ನೋಡಿ ಏನೂ ಆಗಿಲ್ಲ ಎಂದಿದ್ದರಂತೆ. ಅಂಗೈಯಲ್ಲಿ ಒಂದೆರಡು ದಿನ ಜುಮುಜುಮು ಅಂದು ನಿಂತುಹೋಯಿತಂತೆ. ಆದರೆ ಆಮೇಲೆ ಅವಳು ಮೈಕನ್ನು ಕೈಯಲ್ಲಿ ಮುಟ್ಟಲಿಲ್ಲ. ಏಜೆನ್ಸಿಯವರು ಎಲ್ಲಿಂದಲೋ ಒಂದು ಹಳೇ ಸೆಟ್ಟು ತಂದಿಟ್ಟಾಗ, ಮೈಕನ್ನು ದಾರದಲ್ಲಿ ಗೋಡೆಯ ಮೊಳೆಗೆ ನೇತುಹಾಕಿ, ತಾನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಮರದ ಸೌಟಿನ ಹಿಡಿಯಿಂದ ಬಟನ್ ಒತ್ತಿ ಮಾತಾಡುತ್ತಿದ್ದಳು. ಮೋಡ ಕಂಡರೆ ಮುಗಿಯಿತು. ಸೆಟ್ ಆಫ್ ಮಾಡಿ, ಕೇಬಲ್ ಕಿತ್ತಿಟ್ಟು, ಗಾರ್ಡುಗಳ ವಾಟ್ಸಾಪ್ ಗುಂಪಿಗೆ ಇನ್ನು ಫೋನ್ ಮಾಡ್ರಿ ಎಂದು ಹಾಕಿಬಿಡುತ್ತಿದ್ದಳು. ಮಳೆಗಾಲವಿಡೀ ಆ ಟವರು ಕಾಗೆ ಕೂರಲು ಮಾತ್ರ ಉಪಯೋಗ. ಮ್ಯಾನೇಜರ್ ಬೈದು ನೋಡಿದರು. ನೀವೇ ಹಿಡೀರಿ ಎಂದು ಸೌಟು ಚಾಚಿದಳಂತೆ. ಆಮೇಲೆ ಬೈಯುವುದನ್ನು ಬಿಟ್ಟರು.

ಪರಿಹಾರದ ಮಾತು ಬಗೆಹರಿಯದೆ ಕೊನೆಗೆ ಯಜಮಾನರೇ ಬರಬೇಕಾಯಿತು. ಮಳೆಗಾಲದಲ್ಲಿ ಅವರು ಮಧ್ಯಾಹ್ನದ ಮೇಲೆ ಪೀಣ್ಯ ಬಿಟ್ಟು ಕದಲಿದವರಲ್ಲ. ಬೆಳಿಗ್ಗೆ ಹೋಗಿ ಬೆಳಿಗ್ಗೆಯೇ ವಾಪಸ್ಸು ಎಂದು ಕರಾರು ಮಾಡಿಕೊಂಡು ನನ್ನನ್ನೂ ಕೂರಿಸಿಕೊಂಡು ಹೊರಟರು. ಹಿಂದಿನ ಸೀಟಿನ ತುಂಬ ಸ್ಯಾಂಪಲ್ ರಾಡುಗಳು. ಹೊಸೂರು ರಸ್ತೆಯ ಮೇಲ್ಸೇತುವೆ ಏರುವಾಗ ಆಕಾಶ ತೊಳೆದಿಟ್ಟ ಸ್ಟೀಲು ತಟ್ಟೆಯಂತಿತ್ತು, ಅವರು ಒಂದು ಹಳೇ ಹಾಡನ್ನೂ ಗುನುಗಿದರು.

ಮ್ಯಾನೇಜರ್ ನಮ್ಮನ್ನು ಕಾಯಿಸಿದರು. ಮೀಟಿಂಗಿನಲ್ಲಿದ್ದೇನೆ ಎಂದರು, ಊಟಕ್ಕೆ ಹೋದರು, ಬಂದರು, ಫೈಲು ಹುಡುಕಿದರು. ಯಜಮಾನರು ಕಿಟಕಿಯ ಕಡೆಗೇ ನೋಡುತ್ತ ಕೂತಿದ್ದರು. ಬನ್ನೇರುಘಟ್ಟದ ದಿಕ್ಕಿನಲ್ಲಿ ಒಂದು ಮೋಡ ಎದ್ದಿತು. ಅದಕ್ಕೆ ಇನ್ನೊಂದು ಕೂಡಿತು. ಆಪರೇಟರ್ ಹೆಂಗಸೂ ನೋಡಿದಳು, ಎದ್ದು ಸೆಟ್ಟು ಆರಿಸಿ ಕೇಬಲ್ ಕಿತ್ತಳು. ಅವಳ ಪಾಳಿ ಮುಗಿದಿತ್ತು, ಸಾಕ್ಷಿ ಹೇಳಲು ಇರು ಎಂದು ಮ್ಯಾನೇಜರ್ ತಡೆದಿಟ್ಟಿದ್ದರು. ಕೊನೆಗೂ ನಾವೆಲ್ಲ ಮೇಜಿನ ಸುತ್ತ ಕೂತು, ಮ್ಯಾನೇಜರ್ ಫೈಲು ಬಿಚ್ಚಿ, ಸೀ, ನಿಮ್ಮ ಅರೆಸ್ಟರ್ ಎಂದು ಶುರು ಮಾಡುತ್ತಿದ್ದಂತೆ ಮೊದಲ ಗುಡುಗು ಬಂತು.

ಯಜಮಾನರು ಎದ್ದರು. ಒಂದು ನಿಮಿಷ ಎಂದರು. ಮೆಟ್ಟಿಲಿಳಿದು ಹೋಗಿಯೇಬಿಟ್ಟರು.

ಪರಿಹಾರಕ್ಕೆ ಹೆದರಿ ಓಡಿಹೋಗುತ್ತಿದ್ದಾರೆ ಎಂದು ಮ್ಯಾನೇಜರ್‌ಗೆ ಅನುಮಾನ ಬಂತು. ಫೈಲು ಕಂಕುಳಲ್ಲಿಟ್ಟುಕೊಂಡು ಹಿಂದೆಯೇ ಇಳಿದರು. ನಾನು ಅವರ ಹಿಂದೆ. ಅವರು ಎಲ್ಲಿಗೆ ಹೊಂಟ್ರು ಅಕ್ಕಾರ ಎಂದು ಆಪರೇಟರ್ ಕೇಳಿದಳು. ಕಾರಿಗೆ ಎಂದೆ. ಯಾಕ ಎಂದಳು. ಅದರೊಳಗೆ ಸಿಡಿಲು ಏನೂ ಮಾಡುವುದಿಲ್ಲ ಎಂದೆ. ಅವಳು ಬುತ್ತಿ ಚೀಲ ಎತ್ತಿಕೊಂಡು ನನಗಿಂತ ಮುಂದೆ ಓಡಿದಳು.

ಕಾರು ಪಕ್ಕದ ಖಾಲಿ ಸೈಟಿನಲ್ಲಿತ್ತು. ಯಜಮಾನರು ಆಗಲೇ ಒಳಗಿದ್ದರು. ಮ್ಯಾನೇಜರ್ ಮುಂದಿನ ಸೀಟಿಗೆ ಹತ್ತಿ ಕೂತು, ಹೀಗೆ ಅರ್ಧಕ್ಕೆ ಎದ್ದು ಹೋದರೆ ಹೇಗ್ರೀ ಎಂದು ರೇಗಿದರು. ನಾವಿಬ್ಬರು ಹಿಂದೆ ರಾಡುಗಳನ್ನು ಸರಿಸಿ ತೂರಿಕೊಂಡೆವು. ಸರಿಸಲು ಜಾಗವಿಲ್ಲದ್ದಕ್ಕೆ ಒಂದನ್ನು ನಾನು ಮಡಿಲಲ್ಲೇ ಇಟ್ಟುಕೊಂಡೆ. ಗುಡುಗಿನಲ್ಲಿ ತಾಮ್ರದ ರಾಡು ತಬ್ಬಿಕೊಂಡು ಕೂತ ನನ್ನನ್ನು ಆಪರೇಟರ್ ಹುಚ್ಚಿಯನ್ನು ನೋಡುವಂತೆ ನೋಡಿದಳು. ಹೊರಗೆ ಹಿಡಿದು ನಿಂತರೆ ತಪ್ಪು, ಬಾಗಿಲಿಗೆ ತಾಗಿಸದೆ ಇಟ್ಟುಕೊಂಡರೆ ಡಬ್ಬಿಯೊಳಗೆ ತೊಂದರೆ ಇಲ್ಲ ಎಂದು ಯಜಮಾನರು ಮುಂದಿನಿಂದಲೇ ಹೇಳಿದರು. ಗಾಜುಗಳೆಲ್ಲ ಏರಿದವು. ಮಳೆ ಕಾರಿನ ನೆತ್ತಿಯ ಮೇಲೆ ಬಟಾಣಿ ಸುರಿದಂತೆ ಬಿತ್ತು. ಒಳಗೆ ನಾಲ್ಕು ಜನರ ಉಸಿರು, ಬುತ್ತಿಯ ಶೇಂಗಾ ಚಟ್ನಿಯ ವಾಸನೆ, ಮ್ಯಾನೇಜರ್ ಹಾಕಿಕೊಂಡಿದ್ದ ಸೆಂಟು.

ಮ್ಯಾನೇಜರ್ ಕೈ ಬಾಗಿಲ ಹಿಡಿಯ ಮೇಲಿತ್ತು. ಕೈ ತೆಗೀರಿ ಸಾರ್, ಕಬ್ಬಿಣ ಮುಟ್ಟಬೇಡಿ ಎಂದು ಯಜಮಾನರು ಹೇಳಿದರು. ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಎಲ್ಲೋ ತೀರ ಹತ್ತಿರದಲ್ಲಿ ಬಿತ್ತು. ಬೆಳಕು, ಸದ್ದು ಎರಡೂ ಒಟ್ಟಿಗೆ. ಬೀದಿಯ ಕಾರುಗಳೆಲ್ಲ ಒಟ್ಟಿಗೆ ಕೂಗಿಕೊಂಡವು, ಬೇಗೂರಿನ ನಾಯಿಗಳೆಲ್ಲ ಎದ್ದವು. ಮ್ಯಾನೇಜರ್ ಕೈ ಈಗ ಫೈಲಿನ ಮೇಲೆ, ಫೈಲು ಎದೆಯ ಮೇಲೆ.

ಯಜಮಾನರ ಮುಖ ಬಿಳಿಚಿಕೊಂಡಿತ್ತು. ಆದರೆ ಆ ಹೊತ್ತಿಗೆ ಅವರ ಬಾಯಿಂದ ಬಂದ ಮಾತು ನಾನು ಚಿತ್ರ ಬರೆದು, ಪವರ್ ಪಾಯಿಂಟ್ ಮಾಡಿ, ತಿಂಗಳುಗಟ್ಟಲೆ ಹೇಳಲು ಆಗದ್ದು.

"ಸಾರ್, ಈಗ ನಾವು ನಾಲ್ಕು ಜನ ಒಂದೇ ಡಬ್ಬೀಲಿದೀವಿ. ಸಿಡಿಲು ಬಿದ್ದರೆ ಡಬ್ಬಿ ವೋಲ್ಟೇಜು ಏರುತ್ತೆ, ಅದರ ಜೊತೆ ನಾವೂ ಏರ್ತೀವಿ, ಎಲ್ಲರೂ ಒಂದೇ ಸಮ. ಯಾರಿಗೂ ಗೊತ್ತೇ ಆಗಲ್ಲ. ನೀವು ಒಂದು ಕಾಲು ಹೊರಗೆ ಇಟ್ರೆ, ಒಂದು ಕಾಲು ಡಬ್ಬೀಲಿ, ಇನ್ನೊಂದು ನೆಲದಲ್ಲಿ. ಅದು ನಿಮ್ಮ ಮೈಯೊಳಗಿಂದಾನೇ ದಾಟುತ್ತೆ. ನಿಮ್ಮ ಸೆಟ್ಟು ಕೂತಿರೋದು ಹಂಗೆ, ಒಂದು ಕಾಲು ಮುಂದಿನ ಗುಂಡೀಲಿ, ಇನ್ನೊಂದು ಹಿತ್ತಲಲ್ಲಿ. ಈಯಮ್ಮ ಕೈಯಲ್ಲಿ ಹಿಡ್ಕೊಂಡಿದ್ದು ಅದನ್ನ."

ಮ್ಯಾನೇಜರ್ ತಿರುಗಿ ಹಿಂದಿನ ಸೀಟಿನಲ್ಲಿದ್ದ ಆಪರೇಟರ್ ಕೈಯನ್ನು ನೋಡಿದರು, ಮೊದಲ ಸಲ ನೋಡುವವರ ಹಾಗೆ. ನನಗೆ ಅವರ ಮೇಲೆ ಒಂದು ಕ್ಷಣ ಅಯ್ಯೋ ಎನಿಸಿದ್ದೂ ಹೌದು. ಆದರೆ ಅಭ್ಯಾಸ ಸುಲಭಕ್ಕೆ ಬಿಡುತ್ತದೆಯೇ? ಫೈಲು ಬಿಚ್ಚಿ, ಹಳೇ ಕೊಟೇಶನ್ನಿನ ಕೆಂಪು ಗೆರೆಯ ಮೇಲೆ ಬೆರಳಿಟ್ಟು, ಸಣ್ಣ ದನಿಯಲ್ಲಿ ಕೇಳಿಯೇಬಿಟ್ಟರು, ಅಂದ್ರೆ ಈ ಪಟ್ಟಿ ಬೇಕೇ ಬೇಕಾ ಎಂದು.

ಆಪರೇಟರ್ ಮುಂದಕ್ಕೆ ಬಾಗಿದಳು.

"ಬ್ಯಾಡಂದ್ರ ನೀವು ಕೆಳಗ ಇಳೀರಿ ಸಾರ್. ನಾವು ಮೂರು ಮಂದಿ ಇಲ್ಲೇ ಕುಂದರ್ತೀವಿ."

ನಾನು ರಾಡಿನ ಹಿಂದೆ ಮುಖ ಮುಚ್ಚಿಕೊಳ್ಳಲು ನೋಡಿದೆ, ರಾಡು ತೀರ ಸಪೂರ. ಯಜಮಾನರು ವೈಪರ್ ಹಾಕಿದರು, ಕಾರಣವಿಲ್ಲದೆ. ಮ್ಯಾನೇಜರ್ ಹೊರಗಿನ ಮಳೆ ನೋಡಿದರು, ಬಾಗಿಲು ನೋಡಿದರು, ಆಮೇಲೆ ಡ್ಯಾಶ್‌ಬೋರ್ಡಿನ ಮೇಲೆ ಕಾಗದವಿಟ್ಟು ಕೆಂಪು ಗೆರೆಯ ಪಕ್ಕದಲ್ಲಿ ಕೆಂಪಲ್ಲೇ ಓಕೆ ಎಂದು ಬರೆದು ಸಹಿ ಹಾಕಿದರು. ಅದರ ಬದಲಿಗೆ ಸತ್ತ ಅರೆಸ್ಟರ್ ಜಾಗಕ್ಕೆ ಹೊಸದನ್ನು ಪುಕ್ಕಟೆ ಕೊಡಬೇಕು ಎಂದರು. ಬೇರೆ ದಿನವಾಗಿದ್ದರೆ ಯಜಮಾನರು ಗಂಟೆಗಟ್ಟಲೆ ಜಗ್ಗಾಡುತ್ತಿದ್ದರು. ಅವತ್ತು ಇನ್ನೊಂದು ಮಿಂಚು ಬಂತು, ಆಯ್ತು ಸಾರ್ ಎಂದುಬಿಟ್ಟರು. ಮಳೆ ನಿಲ್ಲುವವರೆಗೂ ಇನ್ನು ಮಾಡಲು ಏನೂ ಇರಲಿಲ್ಲ. ಆಪರೇಟರ್ ಬುತ್ತಿ ಬಿಚ್ಚಿ ಎಲ್ಲರಿಗೂ ಒಂದೊಂದು ಚೂರು ಕಟಕ್ ರೊಟ್ಟಿ ಕೊಟ್ಟಳು. ಮ್ಯಾನೇಜರ್ ಎರಡನೇ ಸಲವೂ ಕೈ ಚಾಚಿದರು. ಸುಟ್ಟ ಪವರ್ ಸಪ್ಲೈ ಯಾರ ತಲೆಗೆ ಎನ್ನುವ ಮಾತು ಆ ಕಾರಿನಲ್ಲಿ ಏಳಲಿಲ್ಲ, ಆಮೇಲೂ ಏಳಲಿಲ್ಲ.

ಕೆಲಸಕ್ಕೆ ಮಳೆ ಬಿಟ್ಟ ಒಂದು ಬೆಳಿಗ್ಗೆ ನೋಡಿ ಹೋದೆವು. ಯಜಮಾನರೇ ಬಂದರು, ಹವಾಮಾನದ ಆಪ್ ಮೂರು ನಮೂನೆಯದ್ದು ನೋಡಿಕೊಂಡು. ಕಟ್ಟಡದ ಸುತ್ತ ಕಾಲುವೆ ತೋಡಿಸಿ, ಮುಂದಿನ ಗುಂಡಿಯಿಂದ ಹಿತ್ತಲ ಗುಂಡಿಯವರೆಗೆ ಪಟ್ಟಿ ಎಳೆಸಿದರು. ಕಾಲುವೆ ಆ ಒಂದಡಿ ಓಣಿಯಲ್ಲೇ ಹೋಗಬೇಕಾಗಿದ್ದರಿಂದ ಅಣ್ಣತಮ್ಮಂದಿರಿಬ್ಬರೂ ಎರಡು ತುದಿಯಲ್ಲಿ ನಿಂತು, ಒಬ್ಬರ ಮುಖ ಒಬ್ಬರು ನೋಡದೆ, ನಮ್ಮ ಕೆಲಸದವರಿಗೆ ಮಾತ್ರ ಮಣ್ಣು ಈ ಕಡೆ ಹಾಕು, ಆ ಕಡೆ ಹಾಕಬೇಡ ಎಂದು ಹೇಳುತ್ತಿದ್ದರು. ಸೆಟ್ಟು, ಪವರ್ ಸಪ್ಲೈ, ಕೇಬಲ್ಲಿನ ಹೊರಕವಚ, ಕೋಣೆಯ ಕಬ್ಬಿಣದ ಮೇಜು, ಎಲ್ಲವನ್ನೂ ಗೋಡೆಯಲ್ಲಿ ಕೂರಿಸಿದ ಒಂದೇ ತಾಮ್ರದ ಪ್ಲೇಟಿಗೆ ಬಿಗಿದು, ಪ್ಲೇಟನ್ನು ಪಟ್ಟಿಗೆ ಬಿಗಿದರು. ಬೋಲ್ಟುಗಳನ್ನು ಯಜಮಾನರು ತಾವೇ ಇನ್ನೊಂದು ಸುತ್ತು ತಿರುಗಿಸಿ ನೋಡಿದರು. ಮೀಟರಿಟ್ಟು ಅಳೆದು ತೃಪ್ತಿಯಾದ ಮೇಲೆ, ಆಕಾಶದ ಕಡೆ ಒಮ್ಮೆ ಕಣ್ಣು ಹಾಯಿಸಿ, ಹೊತ್ತು ನೆತ್ತಿಗೇರುವ ಮೊದಲೇ ಪೀಣ್ಯಕ್ಕೆ ಹೊರಟುಹೋದರು.

ನಾನು ಉಳಿದುಕೊಂಡೆ. ಆಪರೇಟರ್ ಇಡೀ ಹೊತ್ತು ಬಾಗಿಲಲ್ಲಿ ನಿಂತು, ಯಾವ ತಂತಿ ಎಲ್ಲಿಗೆ ಹೋಯಿತು ಎಂದು ಬಿಡದೆ ನೋಡಿದ್ದಳು. ಈಗ ಇದು ನಿಮ್ಮ ಕಾರಿನಂಗ ಆತಲ್ರಿ ಎಂದು ಕೇಳಿದಳು. ಕಾರಿನಷ್ಟು ಆಗುವುದಿಲ್ಲ, ಸಿಡಿಲು ತೀರ ಹತ್ತಿರ ಇದ್ದಾಗ ಸೆಟ್ಟಿನಿಂದ ದೂರ ಇರುವುದೇ ಒಳ್ಳೆಯದು, ಆದರೆ ಅವತ್ತಿನ ಹಾಗೆ ನಿನ್ನ ಕೈಯನ್ನು ದಾರಿ ಮಾಡಿಕೊಂಡು ಹೋಗುವ ಅಗತ್ಯ ಅದಕ್ಕಿಲ್ಲ ಎಂದೆ. ಅವಳು ಒಳಗೆ ಬಂದು ಎಂದಿನಂತೆ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಆಮೇಲೆ ಕಾಲು ನೆಲಕ್ಕೆ ಇಳಿಸಿದಳು, ಚಪ್ಪಲಿ ಮಾತ್ರ ಬಿಡಲಿಲ್ಲ. ಮೊಳೆಯಿಂದ ಮೈಕು ತೆಗೆದು, ದಾರ ಬಿಚ್ಚಿ, ಸೆರಗಿನಲ್ಲಿ ಒರೆಸಿ, ಬರಿಗೈಯಲ್ಲಿ ಹಿಡಿದು ಬಟನ್ ಒತ್ತಿದಳು. ಎಲ್ಲಾ ಗೇಟಿನವರೂ ಕೇಳ್ರಿ, ಟೆಸ್ಟಿಂಗ್, ಕೇಳಸ್ತದಿಲ್ಲೋ ಹೇಳ್ರಿ ಎಂದಳು. ಮೊದಲು ಗೊರಗೊರ ಸದ್ದು. ಆಮೇಲೆ ಯಾವುದೋ ಗೋದಾಮಿನ ಗೇಟಿನಿಂದ ಒಬ್ಬ ಗಾರ್ಡು, ನಿದ್ದೆಯ ದನಿಯಲ್ಲಿ, ನಾನು ಮಲಗಿಲ್ಲ ಮೇಡಂ ಎಂದ.